ಹೋಟೆಲು ಹುಡುಕುವ ಮೊದಲು ಹೊತ್ತು ನೋಡಿ

ಪ್ರಶ್ನೆ: ನಾವು ಕುಮಟಾದವರು. ಮಗಳಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿದೆ. ಡಿಸೆಂಬರಿನಲ್ಲಿ ಐದು ದಿನ ಅವಳಲ್ಲಿಗೆ ಹೊರಟಿದ್ದೇವೆ. ಅವಳದು ಒಂದೇ ಕೋಣೆ, ಅಡುಗೆಗೆ ಅನುಕೂಲ ಇಲ್ಲ. ಹಾಗಾಗಿ ಮೂರು ಹೊತ್ತೂ ಹೊರಗೇ ಊಟ. ನಮ್ಮ ಮನೆಯವರಿಗೆ ಮೀನಿಲ್ಲದೆ ಅನ್ನ ಸೇರುವುದಿಲ್ಲ. ಅತ್ತೆ ಸೋಮವಾರ, ಗುರುವಾರ ಮೀನು ಮುಟ್ಟುವುದಿಲ್ಲ, ಆ ದಿನ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಮಗನಿಗೆ ಹದಿನೇಳು, ಸುಶಿ ತಿನ್ನಲೇಬೇಕಂತೆ. ಮೊಬೈಲಿನಲ್ಲಿ ನೋಡಿದರೆ ಎಲ್ಲ ಹೋಟೆಲಿಗೂ ನಾಲ್ಕೂವರೆ ನಕ್ಷತ್ರ. ಬಿಲ್ಲಿನಲ್ಲಿ ಏನೇನೋ ಸೇರಿಸುತ್ತಾರೆ ಅಂತಲೂ ಕೇಳಿದ್ದೇವೆ. ಹೇಗೆ ಆರಿಸುವುದು?

ಉತ್ತರ: ಅಕ್ಕಾ, ಮೊದಲು ಆ ನಕ್ಷತ್ರಗಳ ಮಾತು. ಜನ ನಕ್ಷತ್ರ ಕೊಡುವುದು ಇಡೀ ಹೋಟೆಲಿಗೆ. ಸೋಫಾ ಮೆತ್ತಗಿತ್ತು, ಕಾರು ನಿಲ್ಲಿಸಲು ಜಾಗ ಇತ್ತು, ಹುಟ್ಟುಹಬ್ಬಕ್ಕೆ ಪುಕ್ಕಟೆ ಕೇಕ್ ಕೊಟ್ಟರು, ಎಲ್ಲವೂ ಅದರಲ್ಲೇ ಸೇರಿದೆ. ನೀವು ಹೋದ ಹೊತ್ತಿಗೆ ನಿಮ್ಮ ತಟ್ಟೆಗೆ ಬೀಳುವ ಪದಾರ್ಥ ಹೇಗಿರುತ್ತದೆ ಅಂತ ಅದರಿಂದ ತಿಳಿಯುವುದಿಲ್ಲ. ಹೋಟೆಲ್ ಅಡುಗೆಮನೆಯಲ್ಲೇ ಬಹಳ ಕಾಲ ಕಳೆದವನು ನಾನು. ನನ್ನ ಲೆಕ್ಕ ಸರಳ. ಒಂದು ಹೋಟೆಲು ಯಾವುದನ್ನು ಜಾಸ್ತಿ ಮಾರುತ್ತದೋ ಅದನ್ನೇ ತಿನ್ನಿ, ಅದು ಜಾಸ್ತಿ ಮಾರುವ ಹೊತ್ತಿಗೇ ಹೋಗಿ ತಿನ್ನಿ.

ಯಾಕೆ ಅಂತ ತಿಳಿಯಬೇಕಾದರೆ ದೋಸೆ ಕಾವಲಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಬೆಳಿಗ್ಗೆ ಎಂಟರ ಮೇಲೆ ರಶ್ ಶುರುವಾದರೆ ಕಾವಲಿಯ ಕಾವು ಒಂದೇ ಸಮ ನಿಲ್ಲುತ್ತದೆ. ಭಟ್ಟರು ನೀರು ಚಿಮುಕಿಸುತ್ತಾರೆ, ಅದು ಚುರ್ ಅಂದು ಆರುತ್ತದೆ, ಪೊರಕೆಯಲ್ಲಿ ಒಂದು ಸಲ ಗುಡಿಸಿ ಸಾಲಾಗಿ ಹತ್ತು ಹನ್ನೆರಡು ದೋಸೆ ಹೊಯ್ಯುತ್ತಾರೆ. ಆ ಸಾಲು ಏಳುವಷ್ಟರಲ್ಲಿ ಮುಂದಿನ ಸಾಲಿಗೆ ಕಾವು ಸಿದ್ಧ. ಚಟ್ನಿ ರುಬ್ಬಿ ಅರ್ಧ ಗಂಟೆ ಆಗಿರುವುದಿಲ್ಲ, ಅಷ್ಟರಲ್ಲಿ ಪಾತ್ರೆ ಖಾಲಿ. ಇದೇ ಹೋಟೆಲಿಗೆ ಮಧ್ಯಾಹ್ನ ಮೂರೂವರೆಗೆ ಹೋಗಿ ನೋಡಿ. ಗಿರಾಕಿ ಇಲ್ಲ, ಉರಿ ಸಣ್ಣ ಮಾಡಿರುತ್ತಾರೆ. ನಿಮ್ಮ ಒಂದು ದೋಸೆಗೋಸ್ಕರ ಉರಿ ಏರಿಸಿದರೆ ಅಂಚು ಕರಟುತ್ತದೆ, ನಡು ಬಿಳಿಚಿಕೊಂಡೇ ಇರುತ್ತದೆ. ಹಿಟ್ಟು ಅದೇ, ಭಟ್ಟರೂ ಅವರೇ. ಸಾಂಬಾರು ಮಾತ್ರ ಮಧ್ಯಾಹ್ನದ್ದು. ಸಂಜೆಯ ತಿಂಡಿ ಇಳಿಯುವವರೆಗೆ ಒಂದು ಬೈಟು ಕಾಫಿ ಹೇಳಿ ಸುಮ್ನೆ ಕೂರುವುದು ವಾಸಿ.

ನಿಮಗೊಂದು ಅನುಕೂಲ ಇದೆ. ರಾತ್ರಿ ಬಸ್ಸಲ್ಲಿ ಹೋಗಿ, ಪಂಚಗಂಗಾ ರೈಲಲ್ಲಿ ಹೋಗಿ, ಬೆಂಗಳೂರು ಮುಟ್ಟುವುದು ತಿಂಡಿಯ ಹೊತ್ತಿಗೇ. ಬೆಂಗಳೂರಿಗೆ ನಿಜವಾಗಿ ಕೈ ಪಳಗಿರುವುದೂ ತಿಂಡಿಯಲ್ಲೇ. ಹಳೆಯ ತಿಂಡಿ ಹೋಟೆಲುಗಳಲ್ಲಿ ಹಲವು ಮೆಟ್ರೋದ ಹಸಿರು ಮಾರ್ಗದ ಆಚೀಚೆ ಇವೆ. ಮಲ್ಲೇಶ್ವರಕ್ಕೆ ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ ನಿಲ್ದಾಣ, ಗಾಂಧಿ ಬಜಾರು ಮತ್ತು ವಿ.ವಿ. ಪುರಕ್ಕೆ ನ್ಯಾಷನಲ್ ಕಾಲೇಜು, ಎಂಟಿಆರ್‌ಗೆ ಲಾಲ್‌ಬಾಗ್. ಇಳಿದು ಸ್ವಲ್ಪ ನಡೆಯಬೇಕು, ಇಲ್ಲವೇ ಆಟೋ. ಕಾರಿನಲ್ಲಿ ಹೋದರೆ ಹಸಿವು ಟ್ರಾಫಿಕ್ಕಿನಲ್ಲೇ ಸತ್ತುಹೋಗುತ್ತದೆ.

ಎಂಟಿಆರ್ 1924ರದ್ದು. ಶುರು ಮಾಡಿದವರು ಉಡುಪಿ ಕಡೆಯ ಮಯ್ಯ ಸೋದರರು, ಅಂದರೆ ನಮ್ಮ ಕರಾವಳಿಯವರೇ. ಎರಡನೇ ಮಹಾಯುದ್ಧದ ಕಾಲಕ್ಕೆ ಅಕ್ಕಿಗೆ ಬರ ಬಂದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದ್ದು, ಅದೇ ರವೆ ಇಡ್ಲಿ ಆಯ್ತು ಅಂತ ಆ ಹೋಟೆಲಿನವರು ಹೇಳುತ್ತಾರೆ. ಅಲ್ಲಿ ಹೋಗಿ ಬೇರೆ ಏನನ್ನೋ ಹುಡುಕಬೇಡಿ. ರವೆ ಇಡ್ಲಿ, ಮೇಲೆ ತುಪ್ಪ, ಆಮೇಲೆ ಕಾಫಿ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರದ್ದು, ಶುಕ್ರವಾರ ರಜೆ. ಮಾಣಿ ತೋಳಿನುದ್ದಕ್ಕೂ ದೋಸೆ ತಟ್ಟೆ ಪೇರಿಸಿಕೊಂಡು ಬರುವುದನ್ನು ನೋಡುವುದಕ್ಕೇ ನಿಮ್ಮ ಮಗ ಮೊಬೈಲು ತೆಗೆಯುತ್ತಾನೆ. ಅಲ್ಲಿಯ ಮಸಾಲೆ ದೋಸೆ ಹೊರಗೆ ಕೆಂಪಗೆ ಗರಿಗರಿ, ಒಳಗೆ ಮೆತ್ತಗೆ. ನಮ್ಮ ಕಡೆಯ ತೆಳು ದೋಸೆ, ಅಂದರೆ ತೆಳ್ಳೇವು, ತಿಂದು ಬೆಳೆದವರಿಗೆ ಅದು ದಪ್ಪ ಅನ್ನಿಸಬಹುದು. ತೆಳ್ಳೇವಿನ ಜೊತೆ ಹೋಲಿಸಲು ಹೋಗಬೇಡಿ, ಅದೇ ಬೇರೆ, ಇದೇ ಬೇರೆ. ಮಲ್ಲೇಶ್ವರದ ಸಿಟಿಆರ್‌ನಲ್ಲಿ ಬೆಣ್ಣೆ ಮಸಾಲೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರಿನಲ್ಲಿ ಇಡ್ಲಿ, ವಡೆ, ಖಾರಾಭಾತು, ಕೇಸರಿಭಾತು ಇಷ್ಟೇ. ಸಾಂಬಾರು ಇಲ್ಲವೇ ಇಲ್ಲ, ಚಟ್ನಿ ಮಾತ್ರ. ನನ್ನನ್ನು ಕೇಳಿದರೆ ಈ ನಾಲ್ಕರಲ್ಲಿ ಬಿಡಬಾರದ್ದು ಅದೇ. ಮಾಡುವುದು ನಾಲ್ಕೈದೇ ಪದಾರ್ಥ, ಅದೂ ದಿನವೂ ಅದೇ. ಅಂಥ ಕಡೆ ಕೈ ತಪ್ಪುವುದು ಕಡಿಮೆ.

ಶನಿವಾರ ಭಾನುವಾರ ಮಾತ್ರ ಈ ಕಡೆ ಹೋಗಬೇಡಿ. ಹೆಸರು ಬರೆಸಿ ಹೊರಗೆ ಕಾಯುವುದರಲ್ಲೇ ಅತ್ತೆಯವರ ಕಾಲು ಸೋಲುತ್ತದೆ. ವಾರದ ನಡುವೆ, ಆಫೀಸಿನವರು ಎದ್ದು ಹೋದ ಮೇಲೆ, ಒಂಬತ್ತೂವರೆ ಹತ್ತಕ್ಕೆ ಹೋದರೆ ಕಾವಲಿಯೂ ಕಾದಿರುತ್ತದೆ, ಕುರ್ಚಿಯೂ ಸಿಗುತ್ತದೆ.

ಬೀದಿಗೊಂದು ಕಾಣುವ ದರ್ಶಿನಿಗಳನ್ನೂ ಕೀಳಾಗಿ ಕಾಣಬೇಡಿ. 1983ರಲ್ಲಿ ಜಯನಗರದಲ್ಲಿ ಶುರುವಾದ ಕ್ರಮ ಅದು. ಮೊದಲು ದುಡ್ಡು ಕೊಟ್ಟು ಟೋಕನ್ ತಗೊಳ್ಳಿ, ಕೌಂಟರಿನಲ್ಲಿ ಕೊಡಿ, ನಿಂತೇ ತಿನ್ನಿ. ಸಪ್ಲೈಯರ್ ಇಲ್ಲ, ಕುರ್ಚಿ ಇಲ್ಲ, ಹಾಗಾಗಿ ದರ ಕಡಿಮೆ, ಮಾಲು ಬೇಗ ಓಡುತ್ತದೆ. ಮಗಳ ಮನೆಯ ಹತ್ತಿರ ಆಟೋದವರು ನಿಂತು ತಿನ್ನುವ ದರ್ಶಿನಿ ಯಾವುದು ನೋಡಿ. ಐದು ದಿನದಲ್ಲಿ ಎರಡು ತಿಂಡಿಯಾದರೂ ಅಲ್ಲೇ ಆಗಲಿ.

ಡಿಸೆಂಬರಿನಲ್ಲಿ ಹೋಗುವವರಿಗೆ ಇನ್ನೊಂದು ಲಾಭ, ಅವರೆಕಾಳಿನ ಕಾಲ. ಘಟ್ಟದ ಕೆಳಗಿನವರಿಗೆ ಈ ಹುಚ್ಚು ಅರ್ಥವಾಗುವುದು ಕಷ್ಟ. ಸೊಗಡಿನ ಅವರೆ ಮಾರುಕಟ್ಟೆಗೆ ಬಂದರೆ ಬೆಂಗಳೂರಿನವರು ಉಪ್ಪಿಟ್ಟು, ಸಾರು, ದೋಸೆ, ಕೊನೆಗೆ ಮಿಕ್ಸ್‌ಚರಿಗೂ ಅದನ್ನೇ ಹಾಕುತ್ತಾರೆ. ಕಾಳು ನೆನೆಸಿ, ಒಂದೊಂದನ್ನೇ ಬೆರಳಲ್ಲಿ ಒತ್ತಿ ಸಿಪ್ಪೆ ಬಿಡಿಸಿದರೆ ಹಿತಕಿದ ಬೇಳೆ. ಸಂಜೆ ವಿ.ವಿ. ಪುರದ ತಿಂಡಿ ಬೀದಿಗೆ ಹೋಗಿ ಇದರದ್ದೇ ಏನಾದರೂ ತಿನ್ನಿ. ಕುಮಟಾದಲ್ಲಿ ಎಷ್ಟು ದುಡ್ಡು ಕೊಟ್ಟರೂ ಇದು ಸಿಗುವುದಿಲ್ಲ. ಆ ಬೀದಿಯಲ್ಲಿ ಪಿಜ್ಜಾ, ಪಾಸ್ತಾ ಎಲ್ಲ ಇದೆ. ಅದಕ್ಕೆ ಕೈ ಹಾಕಬೇಡಿ.

ಮಧ್ಯಾಹ್ನಕ್ಕೆ ಒಂದು ದಿನ ಆಂಧ್ರ ಊಟ. ರೆಸಿಡೆನ್ಸಿ ರಸ್ತೆಯ ನಾಗಾರ್ಜುನದಂಥ ಕಡೆ ಬಾಳೆಲೆ ಹಾಕಿ ಬಡಿಸುತ್ತಾರೆ. ಮೊದಲ ತುತ್ತು ಬಿಸಿ ಅನ್ನಕ್ಕೆ ಪಪ್ಪು ಅಂದರೆ ತೊವ್ವೆ, ಮೇಲೆ ಪುಡಿ, ತುಪ್ಪ. ಇಲ್ಲಿ ಒಂದು ಎಚ್ಚರ. ನಾವು ಮೀನು ಸಾರಿಗೆ ಹಾಕುವುದು ಬ್ಯಾಡಗಿ ಮೆಣಸು. ಬಣ್ಣ ಧಾರಾಳ, ಖಾರ ಕಡಿಮೆ. ಅದೇ ಕೆಂಪು ಬಣ್ಣ ನೋಡಿ ಗುಂಟೂರಿನ ಮೆಣಸಿನ ಪುಡಿಯನ್ನು ಅದೇ ಅಂದಾಜಿನಲ್ಲಿ ಕಲಸಿದರೆ ಕಣ್ಣಲ್ಲಿ ನೀರು ಬರುತ್ತದೆ. ಪುಡಿ ಚಿಟಿಕೆ, ತುಪ್ಪ ಚಮಚ ಅಂತ ಲೆಕ್ಕ ಇಟ್ಟುಕೊಳ್ಳಿ. ಪುಂಡಿ ಸೊಪ್ಪಿನ ಗೋಂಗುರ ಚಟ್ನಿ ನಮ್ಮ ಹುಳಿ ನಾಲಿಗೆಗೆ ತಕ್ಷಣ ಹಿಡಿಸುತ್ತದೆ. ಅಪ್ಪೆಹುಳಿ ಕುಡಿದು ಬೆಳೆದವರಲ್ವಾ.

ಇನ್ನೊಂದು ಮಧ್ಯಾಹ್ನ ಮಿಲಿಟರಿ ಹೋಟೆಲಿಗೆ. ಇದು ಹಳೇ ಮೈಸೂರು ಕಡೆಯ ಮಾಂಸದೂಟದ ಹೋಟೆಲು. ರಾಗಿ ಮುದ್ದೆ, ಮಟನ್ ಸಾರು, ದೊನ್ನೆ ಬಿರಿಯಾನಿ. ಭಟ್ಕಳದ ಬಿರಿಯಾನಿ ಉಂಡವರಿಗೆ ಇದು ಬೇರೆಯೇ ರುಚಿ. ಭಟ್ಕಳದ್ದರಲ್ಲಿ ಅನ್ನ ಸಪ್ಪೆ, ರುಚಿಯೆಲ್ಲ ಅಡಿಯ ಈರುಳ್ಳಿ ಮಸಾಲೆಯಲ್ಲಿ. ದೊನ್ನೆಯದ್ದರಲ್ಲಿ ಸಣ್ಣ ಕಾಳಿನ ಜೀರಗ ಸಾಂಬ ಅಕ್ಕಿ, ಕೊತ್ತಂಬರಿ ಪುದೀನದ ಹಸಿರು ಮಸಾಲೆ ಪ್ರತಿ ಅಗುಳಿಗೂ ಹತ್ತಿರುತ್ತದೆ. ಮುದ್ದೆಯನ್ನು ಅಗಿಯಬಾರದು. ಬೆರಳಲ್ಲಿ ಸಣ್ಣ ಉಂಡೆ ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗಬೇಕು. ಅಗಿದರೆ ಹಲ್ಲಿಗೆ ಮೆತ್ತಿಕೊಂಡು ಇಡೀ ಊಟದ ಮೇಲೇ ಬೇಸರ ಬರುತ್ತದೆ. ಈ ಹೋಟೆಲುಗಳಿಗೆ ಹನ್ನೆರಡೂವರೆ ಒಂದರೊಳಗೆ ಹೋಗಿ. ಎರಡೂವರೆಗೆ ಹೋದರೆ ಕಾಲು ಸೂಪು, ಖೀಮಾ ಎಲ್ಲ ಮುಗಿದಿದೆ ಅನ್ನುತ್ತಾರೆ. ಮುಗಿಯುವ ಹೋಟೆಲೇ ಒಳ್ಳೆಯ ಹೋಟೆಲು. ರಾತ್ರಿ ಹನ್ನೊಂದಕ್ಕೂ ಮೆನುವಿನ ಇನ್ನೂರು ಪದಾರ್ಥ ಇದೆ ಅನ್ನುವವನ ಫ್ರಿಜ್ಜಿನ ಬಗ್ಗೆ ನನಗೆ ಭಯ.

ಈಗ ನಿಮ್ಮ ಮನೆಯವರ ಮೀನು. ಅವರಿಗೆ ಮೊದಲೇ ಹೇಳಿಟ್ಟುಬಿಡಿ, ಕುಮಟಾದ ಮೀನು ಪೇಟೆಯಲ್ಲಿ ಬೆಳಿಗ್ಗೆ ತಂದು ಮಧ್ಯಾಹ್ನ ಸಾರು ಮಾಡಿದ ರುಚಿ ಅಲ್ಲಿ ಸಿಗುವುದಿಲ್ಲ. ಮೀನು ಐಸಿನಲ್ಲಿ ಮುನ್ನೂರು ನಾನೂರು ಕಿಲೋಮೀಟರ್ ಬಂದಿರುತ್ತದೆ. ಆದರೆ ಯಾವ ಮೀನು ಪ್ರಯಾಣ ತಡೆಯುತ್ತದೆ ಅಂತ ತಿಳಿದು ಆರಿಸಿದರೆ ಮೋಸ ಇಲ್ಲ. ಬಂಗಡೆ, ತಾರಲೆ ಎಣ್ಣೆ ಮೀನು, ಬೇಗ ಕೆಡುತ್ತವೆ. ಅವನ್ನು ಊರಿಗೇ ಬಿಡಿ. ಇಸ್ವಾಣದ (ಮಂಗಳೂರಿನವರ ಅಂಜಲ್) ಗಟ್ಟಿ ತುಂಡು ಚೆನ್ನಾಗಿ ತಡೆಯುತ್ತದೆ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧ ಮುಗಿದು ತಿಂಗಳುಗಳಾಗಿರುವ ಕಾರಣ ಡಿಸೆಂಬರಿನಲ್ಲಿ ಮಾಲು ಸಾಕಷ್ಟು ಬರುತ್ತಿರುತ್ತದೆ, ಅದೊಂದು ಸಮಾಧಾನ.

ಕರಾವಳಿ ಊಟ ಅಂತ ಬೋರ್ಡು ಹಾಕಿದವರಲ್ಲಿ ಮಂಗಳೂರು, ಕುಂದಾಪುರದ ಕೈ ಜಾಸ್ತಿ. ಕಾರವಾರದ ಕೈ ಅಪರೂಪ. ಅವರ ಕಾಯಿ ಅರೆದ ಸಾರು, ಅಂದರೆ ಗಸ್ಸಿಗೆ, ಕೊತ್ತಂಬರಿ ಬೀಜ ಹುರಿದು ಅರೆದ ಘಮ ಇರುತ್ತದೆ, ಹುಳಿಗೆ ಹುಣಸೆ. ನಮ್ಮ ಹಾಗೆ ತಿರ್ಫಲ ಅನ್ನುವ ಮಸಾಲೆ ಕಾಯಿ ಜಜ್ಜಿ ಹಾಕಿದ ಸಾರು, ರವೆ ಹಚ್ಚಿ ಹುರಿದ ತುಂಡು, ಕೊನೆಗೆ ಮುರುಗಲ ಹುಳಿ, ಕಾಯಿಹಾಲಿನ ಒಂದು ಲೋಟ ಸೋಲಕಡಿ ಬೇಕೆಂದರೆ ಮಾಲ್ವಣಿ ಇಲ್ಲವೇ ಗೋವಾ ಊಟದ ಕಡೆ ಹುಡುಕಿ. ಅದು ನಮ್ಮ ಅಡುಗೆಗೆ ಮಂಗಳೂರಿಗಿಂತ ಹತ್ತಿರ. ಎಲ್ಲೇ ಆಗಲಿ ಮಧ್ಯಾಹ್ನದ ಮೀನೂಟವನ್ನೇ ಹೇಳಿ. ಆ ಸಾರು ಆ ದಿನದ್ದು. ರಾತ್ರಿ ಮೆನು ಕಾರ್ಡಿನಿಂದ ಹೇಳಿದ್ದು ಯಾವ ದಿನದ್ದೋ ಯಾರು ಬಲ್ಲರು.

ಮೆನುವಿನಲ್ಲಿ ಕೆಲವು ಮೀನಿನ ಮುಂದೆ ದರ ಇರುವುದಿಲ್ಲ, ‘ಎಪಿಎಸ್’ ಅಂತ ಇರುತ್ತದೆ. ಅಂದರೆ ಗಾತ್ರ ನೋಡಿ ದರ. ಇಲ್ಲೇ ಮನೆಯವರು ಮುಖ ಕೆಂಪು ಮಾಡಿಕೊಳ್ಳುವುದು. ನಾಚಿಕೆ ಬೇಡ. ಮೀನನ್ನು ತಟ್ಟೆಯಲ್ಲಿ ತಂದು ತೋರಿಸಿ, ಇಷ್ಟಕ್ಕೆ ಎಷ್ಟು ಹೇಳಿ, ಆಮೇಲೆ ಹುರಿಯಿರಿ ಅನ್ನಿ. ಒಳ್ಳೆಯ ಹೋಟೆಲಿನವರು ತಾವೇ ತಂದು ತೋರಿಸುತ್ತಾರೆ. ಕಿವಿರು ಎತ್ತಿ ನೋಡುವುದು ನಿಮಗೆ ನಾನು ಹೇಳಿಕೊಡಬೇಕಾ?

ಉತ್ತರ ಭಾರತದ ಊಟದ ಬಗ್ಗೆ ಒಳಗಿನ ಗುಟ್ಟು ಒಂದು ಹೇಳುತ್ತೇನೆ. ಸಾಧಾರಣ ಹೋಟೆಲಿನಲ್ಲಿ ಬೆಳಿಗ್ಗೆಯೇ ಎರಡು ಮೂರು ಗ್ರೇವಿ ಕುದಿಸಿಡುತ್ತಾರೆ. ಟೊಮೆಟೊದ ಕೆಂಪು, ಗೋಡಂಬಿಯ ಬಿಳಿ, ಈರುಳ್ಳಿ ಹುರಿದ ಕಂದು. ಮೆನುವಿನಲ್ಲಿ ಇಪ್ಪತ್ತು ಪನೀರು ಇದ್ದರೂ ಎಲ್ಲ ಇವುಗಳದ್ದೇ ಸಂತಾನ. ಐವರು ಕೂತು ಐದು ಪಲ್ಯ ಹೇಳಿದರೆ ಒಂದೇ ರುಚಿಯನ್ನು ಐದು ಬಟ್ಟಲಲ್ಲಿ ತಿಂದಂತೆ. ಒಂದು ದಾಲ್, ಒಂದು ಗ್ರೇವಿ, ತಂದೂರಿನಿಂದ ಬಿಸಿ ರೊಟ್ಟಿ, ಸಾಕು. ರೊಟ್ಟಿಯನ್ನು ಎರಡೆರಡೇ ತರಿಸಿ, ಆರಿದ ತಂದೂರಿ ರೊಟ್ಟಿ ಚಪ್ಪಲಿಯೇ ಸೈ.

ಚೈನೀಸ್ ಅಂದರೆ ನಮ್ಮೂರಿನ ಗೋಬಿ ಗಾಡಿಯದ್ದೇ ದೊಡ್ಡಣ್ಣ. ಒಂದೇ ಮಾತು, ಗೋಬಿ ಕಡುಗೆಂಪಾಗಿದ್ದರೆ ಬಿಟ್ಟುಬಿಡಿ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದೆ.

ಮಗನ ಸುಶಿಗೆ ಬೇಡ ಅನ್ನಬೇಡಿ. ಅದು ಸಕ್ಕರೆ, ಉಪ್ಪು, ವಿನೆಗರ್ ಬೆರೆಸಿದ ಅಂಟು ಅನ್ನ. ಮೇಲೋ ಒಳಗೋ ಮೀನು, ಸೌತೆ, ಅವಕಾಡೊ ಏನಾದರೂ. ಎಲ್ಲದರಲ್ಲೂ ಹಸಿ ಮೀನು ಇರುವುದಿಲ್ಲ. ಬೆಂದ ಸಿಗಡಿ ಇರುವ ರೋಲು, ಬರೀ ತರಕಾರಿಯ ರೋಲು ಎಲ್ಲ ಉಂಟು. ಹಸಿ ಮೀನು ಬಡಿಸುವ ಶಿಸ್ತಿನ ಅಡುಗೆಮನೆಗಳಲ್ಲಿ ಹುಳುವಿನ ಭಯಕ್ಕೆ ಮೀನನ್ನು ಮೈನಸ್ 20 ಡಿಗ್ರಿಯಲ್ಲಿ 7 ದಿನ ಗಡ್ಡೆಕಟ್ಟಿಸಿ ಇಟ್ಟಿರುತ್ತಾರೆ. ಅದಕ್ಕೇ ಇದನ್ನು ಅಗ್ಗದಲ್ಲಿ, ಪಾರ್ಸಲಿನಲ್ಲಿ, ಮಾಲ್‌ನ ಮೂಲೆಯಲ್ಲಿ ತಿನ್ನಬಾರದು. ಎದುರಿಗೇ ಸುತ್ತಿ ಕೊಡುವ ಜಪಾನಿ ಹೋಟೆಲಿಗೇ ಹೋಗಿ. ಇಂದಿರಾನಗರ, ಎಂ.ಜಿ. ರಸ್ತೆ ಕಡೆ ಸಿಗುತ್ತವೆ, ಎರಡಕ್ಕೂ ನೇರಳೆ ಮಾರ್ಗದ ಮೆಟ್ರೋ ಇದೆ. ದುಬಾರಿ, ಅದು ನಿಜ. ಅಕ್ಕ ತಮ್ಮ ಇಬ್ಬರೇ ಹೋಗಿ ಬರಲಿ, ನೀವು ಮೂವರು ಆ ಹೊತ್ತು ಬೇರೆಲ್ಲಾದರೂ ಉಣ್ಣಿ. ಒಂದೇ ಮೇಜಿನಲ್ಲಿ ಎಲ್ಲರೂ ಕೂರಲೇಬೇಕು ಅನ್ನುವ ಹಟವೇ ಊರಿಂದ ಬಂದವರ ಊಟ ಕೆಡಿಸುವುದು. ಅಪ್ಪ ಸುಶಿಯ ಜೊತೆ ಕೊಡುವ ಹಸಿರು ಖಾರದ ಮುದ್ದೆ ವಾಸಾಬಿಯನ್ನು ಪುದೀನ ಚಟ್ನಿ ಅಂತ ಬಾಯಿಗೆ ಹಾಕಿಕೊಳ್ಳುವುದೂ ತಪ್ಪುತ್ತದೆ.

ಅತ್ತೆಯವರ ಸೋಮವಾರ, ಗುರುವಾರ. ಹಸಿರು ಚುಕ್ಕೆ ಇದೆ ಅಂದರೆ ಸಸ್ಯಾಹಾರ ಅಂತ ಅಷ್ಟೇ, ಈರುಳ್ಳಿ ಬೆಳ್ಳುಳ್ಳಿ ಇರುತ್ತದೆ. ದರ್ಶಿನಿಯ ಸಾಂಬಾರಿನಲ್ಲೂ ಸಾಮಾನ್ಯವಾಗಿ ಈರುಳ್ಳಿ ಇದ್ದೇ ಇರುತ್ತದೆ. ಇಡ್ಲಿ ತಗೊಂಡರೆ ಸಾಂಬಾರು ಬೇಡ ಅನ್ನಿ, ಚಟ್ನಿಗೆ ಬೆಳ್ಳುಳ್ಳಿ ಹಾಕಿದ್ದಾರಾ ಕೇಳಿ. ರಾಜಾಜಿನಗರದ ಇಸ್ಕಾನ್ ದೇವಸ್ಥಾನದಲ್ಲಿ ಹೈಯರ್ ಟೇಸ್ಟ್ ಅಂತ ಹೋಟೆಲಿದೆ. ಅಲ್ಲಿ ಈರುಳ್ಳಿ ಬೆಳ್ಳುಳ್ಳಿ ಹಾಕುವುದೇ ಇಲ್ಲ, ಕೂತು ನಿಧಾನ ಉಣ್ಣಬಹುದು. ಸೋಮವಾರ ರಾತ್ರಿ ಎಲ್ಲರೂ ಅಲ್ಲಿಗೇ ಹೋಗಿಬಿಡಿ, ಮನೆಯವರು ಒಂದು ದಿನ ಮೀನು ಬಿಟ್ಟರೆ ಏನೂ ಆಗುವುದಿಲ್ಲ. ಬೇರೆ ಹೋಟೆಲಿಗೆ ಹೋಗಬೇಕಾಗಿ ಬಂದರೆ ‘ಜೈನ್ ಮಾಡಿ ಕೊಡಿ’ ಅನ್ನಿ. ಅಡುಗೆಯವರಿಗೆ ಇದು ಗೊತ್ತಿರುವ ಮಾತು. ಆದರೆ ಕುದಿಸಿಟ್ಟ ಗ್ರೇವಿಯಲ್ಲಿ ಈರುಳ್ಳಿ ಇರುವ ಕಾರಣ ಹೊಸದಾಗಿ ಮಾಡಬೇಕು, ಹೊತ್ತು ಹಿಡಿಯುತ್ತದೆ. ಕೂತ ಕೂಡಲೇ ಮೊದಲು ಅವರದ್ದನ್ನು ಹೇಳಿ, ಉಳಿದವರದ್ದು ಆಮೇಲೆ. ಜೈನ್ ಅಂದರೆ ಆಲೂಗಡ್ಡೆಯೂ ಬಿಟ್ಟುಹೋಗುತ್ತದೆ. ಅತ್ತೆಯವರಿಗೆ ಆಲೂಗಡ್ಡೆ ನಡೆಯುವುದಾದರೆ ಅದನ್ನೂ ಹೇಳಿ.

ಇನ್ನು ಬಿಲ್ಲು. ಸಾಮಾನ್ಯ ಹೋಟೆಲಿನಲ್ಲಿ ಜಿಎಸ್‌ಟಿ ಶೇ 5, ಬಿಲ್ಲಿನಲ್ಲಿ ಎರಡೂವರೆ ಎರಡೂವರೆ ಅಂತ ಎರಡು ಸಾಲಾಗಿ ಕಾಣುತ್ತದೆ. ದಿನಕ್ಕೆ 7,500 ರೂಪಾಯಿಗಿಂತ ಜಾಸ್ತಿ ಬಾಡಿಗೆಯ ಕೋಣೆಗಳಿರುವ ದೊಡ್ಡ ಹೋಟೆಲಿನ ಒಳಗೆ ಉಂಡರೆ ಶೇ 18. ಕಾಂಪೊಸಿಷನ್ ಸ್ಕೀಮಿನಲ್ಲಿರುವ, ಅಂದರೆ ವ್ಯಾಪಾರದ ಮೇಲೆ ಒಂದು ಸಣ್ಣ ದರದಲ್ಲಿ ತಾವೇ ತೆರಿಗೆ ಕಟ್ಟುವ ಸಣ್ಣ ಹೋಟೆಲಿನವರು ನಿಮ್ಮಿಂದ ಜಿಎಸ್‌ಟಿ ಬೇರೆಯಾಗಿ ತಗೊಳ್ಳುವಂತಿಲ್ಲ. ಇವೆಲ್ಲ ತೆರಿಗೆ.

ಸರ್ವಿಸ್ ಚಾರ್ಜ್ ತೆರಿಗೆ ಅಲ್ಲ, ಹೋಟೆಲಿನವರೇ ಹಾಕಿಕೊಳ್ಳುವುದು. ಅದನ್ನು ಕೇಳದೆ ಬಿಲ್ಲಿಗೆ ಸೇರಿಸಬಾರದು ಅಂತ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಮಾರ್ಗಸೂಚಿ ಹೊರಡಿಸಿತು. ಹೋಟೆಲಿನವರು ಕೋರ್ಟಿಗೆ ಹೋದರು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟು ಆ ಮಾರ್ಗಸೂಚಿಯನ್ನೇ ಎತ್ತಿಹಿಡಿಯಿತು. ಹಾಗಾಗಿ ಬಿಲ್ಲಿನಲ್ಲಿ ಅದು ಕಂಡರೆ ತೆಗೆಯಿರಿ ಅನ್ನಿ, ಜಗಳ ಬೇಕಿಲ್ಲ, ಹೆಚ್ಚಿನವರು ಮಾತಾಡದೆ ತೆಗೆಯುತ್ತಾರೆ. ತೆಗೆಯದಿದ್ದರೆ 1915ಕ್ಕೆ ಫೋನು ಮಾಡಿ, ಅದು ಗ್ರಾಹಕರ ಸಹಾಯವಾಣಿ. ಟಿಪ್ಸ್ ನಿಮ್ಮ ಇಷ್ಟ. ಕೊಡುವುದಾದರೆ ಬಡಿಸಿದವನ ಕೈಗೇ ಕೊಡಿ.

ನೀರಿನ ವಿಷಯದಲ್ಲಿ ಮಾತ್ರ ಕಾನೂನು ನಿಮ್ಮ ಕಡೆ ಇಲ್ಲ. ಹೋಟೆಲಿನಲ್ಲಿ ಕೂತು ಕುಡಿಯುವ ಬಾಟಲಿಗೆ ಎಂಆರ್‌ಪಿಗಿಂತ ಜಾಸ್ತಿ ತಗೊಳ್ಳಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಕೂತ ಕೂಡಲೇ ‘ಯಾವ ನೀರು ಕೊಡಲಿ’ ಅಂತ ಕೇಳುವುದು ಅದಕ್ಕೇ. ಸಾದಾ ನೀರು ಅನ್ನಿ.

ವಾಪಸು ಬರುವ ದಿನ ರಾತ್ರಿ ಬಸ್ಸಾದರೆ ಮೆಜೆಸ್ಟಿಕ್ ಕಡೆ ಆರೂವರೆಗೇ ಬಂದುಬಿಡಿ. ಸಂಜೆಯ ತಿಂಡಿ ಆಗಷ್ಟೇ ಇಳಿದಿರುತ್ತದೆ. ಘಟ್ಟದ ತಿರುವಿಗೆ ಹೊಟ್ಟೆ ಹಗುರ ಇರಲಿ. ಇಡ್ಲಿ, ಮೊಸರನ್ನ ಸಾಕು, ಬಿರಿಯಾನಿ ಬೇಡ. ಮನೆಗೆ ತರುವುದಾದರೆ ವಿ.ವಿ. ಪುರದಿಂದ ಅವರೆಕಾಳು ಮಿಕ್ಸ್‌ಚರು ತನ್ನಿ. ಹಿತಕಿದ ಬೇಳೆ ಹಸಿಯದ್ದು ತರಬೇಡಿ, ಕುಮಟಾ ಮುಟ್ಟುವಷ್ಟರಲ್ಲಿ ಹುಳಿ ವಾಸನೆ ಬಂದಿರುತ್ತದೆ.